‘ಅಡ್ಡಿಲ್ಲೆ’ ಅಂದರೆ ಒಂಬತ್ತಕ್ಕೆ ಎಷ್ಟು? ಆರೋಗ್ಯ ಸಂಶೋಧನೆಗೆ ಆನ್‌ಲೈನ್ ಒಮ್ಮತ: ಯಾವ ವಿಧಾನ ಯಾರಿಗೆ

ಸಂಜೆ ನಾಲ್ಕಕ್ಕೆ ಝೂಮ್ ಸಭೆ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಊರುಗಳಲ್ಲಿ ಹಂಗಾಮು ಶುರುವಾಗುವ ಮೊದಲು ಯಾವ್ಯಾವ ಕೆಲಸ ಆಗಬೇಕು ಎಂದು ಹದಿನಾಲ್ಕು ಜನ ಸೇರಿ ಪಟ್ಟಿ ಮಾಡುವುದಿತ್ತು. ಕಾರವಾರದಿಂದ ಇಬ್ಬರು ವೈದ್ಯರು, ಶಿರಸಿಯಿಂದ ನಾನು, ಸಿದ್ದಾಪುರದ ಕಡೆಯಿಂದ ನಾಲ್ವರು ಆಶಾ ಕಾರ್ಯಕರ್ತೆಯರು, ಉಳಿದವರು ಅಲ್ಲಲ್ಲಿಂದ. ಹಿರಿಯ ವೈದ್ಯರೊಬ್ಬರು ಮೊದಲು ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತ ಬಂದೆ. ‘ಸರ್ ಹೇಳಿದ್ದೇ ಸರಿ’, ‘ನಂದೂ ಅದೇ’, ‘ಅಡ್ಡಿಲ್ಲೆ’. ಮುಕ್ಕಾಲು ಗಂಟೆಯಲ್ಲಿ ಒಮ್ಮತ ಸಿದ್ಧ.

ರಾತ್ರಿ ಎಂಟೂವರೆಗೆ ಆ ನಾಲ್ವರಲ್ಲಿ ಒಬ್ಬರು ಫೋನು ಮಾಡಿದರು. “ಮೇಡಂ, ಉಣುಗಿನ ಎಣ್ಣೆ ಹಂಚೋದು ಎಲ್ಲಾ ಸರಿ. ಆದ್ರೆ ದರಕು (ಕಾಡಿನ ಒಣಎಲೆ) ಗುಡಿಸೋರು ಬೆಳಕು ಹರಿಯೋ ಮೊದ್ಲೇ ಬೆಟ್ಟ ಹತ್ತಿರ್ತಾರೆ. ನಾವು ಹತ್ತು ಗಂಟೆಗೆ ಬಾಟ್ಲಿ ಹಿಡ್ಕಂಡು ಹೋದ್ರೆ ಮನೇಲಿ ಅಜ್ಜಿ ಒಬ್ರೇ. ಅಜ್ಜಿ ಕೈಲಿ ಕೊಟ್ಟು ಬರ್ತೇವೆ.” ಸಭೆಯಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಅಷ್ಟು ದೊಡ್ಡೋರ ಎದ್ರಿಗೆ ಹೆಂಗೆ ಹೇಳೋದು?”

ಆ ಪಟ್ಟಿಯನ್ನು ಮರುದಿನ ಅಳಿಸಿಹಾಕಿದೆ. ತಪ್ಪು ಹಿರಿಯರದ್ದಲ್ಲ. ವಿಧಾನ ಯಾವುದೆಂದು ಯೋಚಿಸದೆ ಬರೀ ಲಿಂಕ್ ಕಳಿಸಿ ಜನ ಕೂಡಿಸಿದವಳು ನಾನು. ಅದಾದ ಮೇಲೆ ಈ ವಿಧಾನಗಳನ್ನು ಒಂದೊಂದಾಗಿ ಕೈಯಾರೆ ಮಾಡಿ ನೋಡಿದ್ದೇನೆ. ನಮ್ಮಂಥ ಜಿಲ್ಲೆಯಲ್ಲಿ ಕೂತು ಇಂಥ ಕೆಲಸಕ್ಕೆ ಕೈಹಾಕುವ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ) ವಿದ್ಯಾರ್ಥಿಗಳಿಗೆ, ವೈದ್ಯಕೀಯ ಕಾಲೇಜಿನ ಕಿರಿಯ ಅಧ್ಯಾಪಕರಿಗೆ, ಸ್ವಯಂಸೇವಾ ಸಂಸ್ಥೆಯವರಿಗೆ ಆರಿಸಿಕೊಳ್ಳಲು ಅನುಕೂಲವಾಗಲಿ ಎಂದು ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ನಿಮ್ಮ ಗುಂಪಿನಲ್ಲಿ ಯಾರ ಎದುರು ಯಾರು ಬಾಯಿ ಬಿಡುವುದಿಲ್ಲ? ಆ ಬಾಯಿ ಬಿಡಿಸುವ ವಿಧಾನವೇ ನಿಮ್ಮ ವಿಧಾನ. ಮಿಕ್ಕ ತಾಂತ್ರಿಕ ವಿಚಾರಗಳೆಲ್ಲ ಆಮೇಲೆ.

ಒಮ್ಮತವೇ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಒಂದು ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಮತ ಹಾಕಿಸುವುದಲ್ಲ, ಅದಕ್ಕೆ ಪ್ರಯೋಗ ಬೇಕು. ಪುರಾವೆ ಸಾಲದಿರುವಲ್ಲಿ, ಪುರಾವೆ ಇದ್ದರೂ ಅದು ನಮ್ಮ ತಾಲೂಕು ಆಸ್ಪತ್ರೆಗೆ ಹೇಗೆ ಒಗ್ಗುತ್ತದೆಂದು ತಿಳಿಯದಿರುವಲ್ಲಿ, ಅಥವಾ ಹತ್ತಾರು ಕೆಲಸಗಳಲ್ಲಿ ಯಾವುದು ಮೊದಲು ಎಂದು ಆಯಬೇಕಾದಲ್ಲಿ ಈ ವಿಧಾನಗಳು ಉಪಯೋಗಕ್ಕೆ ಬರುತ್ತವೆ. ಇಪ್ಪತ್ತು ಜನ ಒಪ್ಪಿದರೂ ತಪ್ಪು ತಪ್ಪೇ.

ಡೆಲ್ಫಿ: ಮುಖ ಕಾಣದ ಪಂಚಾಯ್ತಿ

ಹೆಸರು ಗ್ರೀಕರು ಭವಿಷ್ಯ ಕೇಳಲು ಹೋಗುತ್ತಿದ್ದ ಕ್ಷೇತ್ರದ್ದು. ಹುಟ್ಟಿದ್ದು 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ, ಅದೂ ರೋಗಿಗಳಿಗಾಗಿ ಅಲ್ಲ, ಅಣುಬಾಂಬಿನ ಲೆಕ್ಕಾಚಾರಕ್ಕೆ. ಆ ಪ್ರಯೋಗದ ವಿವರವನ್ನು ನಾರ್ಮನ್ ಡಾಲ್ಕಿ ಮತ್ತು ಓಲಾಫ್ ಹೆಲ್ಮರ್ 1963ರಲ್ಲಿ ಪ್ರಕಟಿಸಿದರು. ಆಮೇಲೆ ವೈದ್ಯಕೀಯದವರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ಇವತ್ತು ಒಮ್ಮತ ಅಂದರೆ ಡೆಲ್ಫಿ ಎಂದೇ ಅರ್ಥವಾಗಿಬಿಟ್ಟಿದೆ.

ನಡೆಯುವ ಕ್ರಮ ಸರಳ. ಪ್ರಶ್ನಾವಳಿ ಹೋಗುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು ಅಂಕ ಕೊಡುತ್ತಾರೆ, ಕಾರಣ ಬರೆಯುತ್ತಾರೆ. ಸಂಯೋಜಕರು ಎಲ್ಲ ಒಟ್ಟುಗೂಡಿಸಿ, ‘ಗುಂಪು ಹೀಗೆ ಹೇಳಿದೆ, ನೀವು ಹೀಗೆ ಹೇಳಿದ್ದಿರಿ, ಬದಲಿಸುತ್ತೀರಾ?’ ಎಂದು ಮತ್ತೆ ಕಳಿಸುತ್ತಾರೆ. ಎರಡು ಅಥವಾ ಮೂರು ಸುತ್ತು. ಯಾರ ಅಂಕ ಯಾರದ್ದೆಂದು ಪರಸ್ಪರ ಗೊತ್ತಾಗುವುದಿಲ್ಲ. ಸಂಯೋಜಕರಿಗೆ ಮಾತ್ರ ಗೊತ್ತು, ಇಲ್ಲದಿದ್ದರೆ ಯಾರಿಗೆ ನೆನಪಿಸುವುದು? ಆದ್ದರಿಂದ ಇದನ್ನು ಪೂರ್ತಿ ಗುಪ್ತ ಅನ್ನದೆ ‘ಅರೆಗುಪ್ತ’ ಎಂದು ಒಪ್ಪಿಗೆಪತ್ರದಲ್ಲಿ ಬರೆಯುವುದು ಪ್ರಾಮಾಣಿಕತೆ.

ಆನ್‌ಲೈನಿಗೆ ಇದು ಹೇಳಿ ಮಾಡಿಸಿದಂತಿದೆ. ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕಿಲ್ಲ. ಜೊಯಿಡಾದ ಒಳಗಿನ ಉಪಕೇಂದ್ರದಲ್ಲಿ ಇರುವವರು ನೆಟ್‌ವರ್ಕ್ ಸಿಗುವ ತಿರುವಿಗೆ ಬಂದಾಗ ಕಳಿಸಿದರೂ ಆಯಿತು. ಆದರೆ ಕಷ್ಟ ಇರುವುದು ತಾಂತ್ರಿಕತೆಯಲ್ಲಿ ಅಲ್ಲ, ವಾಕ್ಯದಲ್ಲಿ.

ಒಂದು ಉದಾಹರಣೆ. ಮಂಗನ ಕಾಯಿಲೆಯಲ್ಲಿ 10ರಿಂದ 20 ಶೇಕಡಾ ರೋಗಿಗಳಿಗೆ ಜ್ವರ ಬಿಟ್ಟಂತಾಗಿ ಮೂರನೇ ವಾರದ ಹೊತ್ತಿಗೆ ಮತ್ತೆ ಮರುಕಳಿಸುತ್ತದೆ, ತಲೆನೋವು, ನಡುಕ, ಮಂಕು ಇತ್ಯಾದಿ ನರದ ಲಕ್ಷಣಗಳೊಂದಿಗೆ. ಅದಕ್ಕೆ ನಾವು ಬರೆದ ಅಂಶ ಹೀಗಿತ್ತು: ‘ಜ್ವರ ಬಿಟ್ಟ ರೋಗಿಯನ್ನು ಮೂರನೇ ವಾರದಲ್ಲಿ ಮತ್ತೊಮ್ಮೆ ನೋಡಬೇಕು.’ ಯಾರು ಬೇಡ ಅಂದಾರು? ಆದರೂ ಅಂಕಗಳು ಚೆಲ್ಲಾಪಿಲ್ಲಿ, 2ರಿಂದ 9ರವರೆಗೆ. ಕಾರಣದ ಡಬ್ಬಿಯಲ್ಲಿ ಒಬ್ಬರು ಬರೆದಿದ್ದರು: ‘ನೋಡುವುದು ಅಂದರೆ ಫೋನಿನಲ್ಲೋ, ಮನೆಗೆ ಹೋಗಿಯೋ, ಆಸ್ಪತ್ರೆಗೆ ಕರೆಸಿಯೋ?’ ಅಷ್ಟೇ. ವೈದ್ಯರು ‘ನೋಡುವುದು’ ಅಂದರೆ ಹೊರರೋಗಿ ವಿಭಾಗ ಎಂದು ಓದಿದ್ದರು, ಆಶಾದವರು ಮೂರು ಮೈಲಿ ನಡಿಗೆ ಎಂದು ಓದಿದ್ದರು. ಎರಡನೇ ಸುತ್ತಿಗೆ ಅದನ್ನು ಮೂರು ಅಂಶ ಮಾಡಿದೆವು. ಫೋನಿನದ್ದು ಸಲೀಸಾಗಿ ದಾಟಿತು. ಭಿನ್ನಾಭಿಪ್ರಾಯ ಅಂದುಕೊಂಡದ್ದು ಬಹುಪಾಲು ನಮ್ಮ ವಾಕ್ಯದ ದೋಷ.

ಅಂಕಗಳ ಮಾತು ಬಂತಲ್ಲ. ಸಾಮಾನ್ಯವಾಗಿ 1ರಿಂದ 9ರ ಅಳತೆ: 1-3 ಮುಖ್ಯವಲ್ಲ, 4-6 ನಡುವಿನದು, 7-9 ಬಹಳ ಮುಖ್ಯ. ಕನ್ನಡಕ್ಕೆ ತರುವಾಗ ನಡುವಿನದಕ್ಕೆ ‘ಗೊತ್ತಿಲ್ಲ’ ಎಂದು ಹಾಕಬೇಡಿ. ಗೊತ್ತಿಲ್ಲದವರು 5 ಒತ್ತುತ್ತಾರೆ, ಗೊತ್ತಿದ್ದೂ ಡೋಲಾಯಮಾನ ಇರುವವರೂ 5 ಒತ್ತುತ್ತಾರೆ, ಎರಡೂ ಕಲಸಿಹೋಗುತ್ತದೆ. ‘ಇದು ನನ್ನ ಕೆಲಸದ ವಿಷಯವಲ್ಲ’ ಎಂಬ ಬೇರೆಯದೇ ಗುಂಡಿ ಇರಲಿ. ಇನ್ನು ನಮ್ಮ ಕಡೆಯ ‘ಅಡ್ಡಿಲ್ಲೆ’. ಹವ್ಯಕರ ಮನೆಯಲ್ಲಿ ಊಟ ಹೇಗಿತ್ತು ಅಂದರೂ ಅಡ್ಡಿಲ್ಲೆ, ಹುಡುಗ ಹೇಗಿದ್ದಾನೆ ಅಂದರೂ ಅಡ್ಡಿಲ್ಲೆ. ಅದು 9 ಇರಬಹುದು, 5 ಇರಬಹುದು, ‘ಈ ವಿಷಯ ಇಲ್ಲಿಗೆ ಬಿಡಿ’ ಎಂಬುದೂ ಇರಬಹುದು. ಫೋನಿನಲ್ಲಿ ಅಂಕ ಕೇಳಿ ಬರೆದುಕೊಳ್ಳುವಾಗ ಈ ಪದವನ್ನು ನಾನೇ ಅಂಕಕ್ಕೆ ಬದಲಿಸುವುದಿಲ್ಲ, ‘ಹಾಗಾದರೆ ಎಷ್ಟು ಹಾಕಲಿ?’ ಎಂದು ಕೇಳುತ್ತೇನೆ.

ಈಗ ಹೆಚ್ಚು ಜನ ಎಡವುವ ಜಾಗ: ಎಷ್ಟು ಜನ ಒಪ್ಪಿದರೆ ಒಮ್ಮತ? ನೂರು ಡೆಲ್ಫಿ ಅಧ್ಯಯನಗಳನ್ನು ಪರಿಶೀಲಿಸಿದ 2014ರ ಒಂದು ವಿಮರ್ಶೆಯಲ್ಲಿ, ಶೇಕಡಾವಾರು ಲೆಕ್ಕ ಇಟ್ಟವರ ಗಡಿಯ ಮಧ್ಯಾಂಕ (ಏರಿಕೆ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 75 ಇತ್ತು. ಚಿಕಿತ್ಸೆಯ ಫಲಿತಾಂಶಗಳಲ್ಲಿ ಯಾವುದನ್ನು ಅಳೆಯಲೇಬೇಕು ಎಂದು ಪಟ್ಟಿ ಮಾಡುವವರಲ್ಲಿ ಬಳಕೆಯಲ್ಲಿರುವುದು ಇನ್ನೊಂದು: ಕನಿಷ್ಠ 70 ಶೇಕಡಾ ಜನ 7-9 ಕೊಟ್ಟಿರಬೇಕು, 1-3 ಕೊಟ್ಟವರು 15 ಶೇಕಡಾಕ್ಕಿಂತ ಕಡಿಮೆ ಇರಬೇಕು.

ಇಪ್ಪತ್ತು ಜನರ ಗುಂಪು ಎಂದಿಟ್ಟುಕೊಳ್ಳಿ. ಹದಿನಾಲ್ಕು ಜನ 7ರ ಮೇಲೆ ಕೊಟ್ಟರು, ಅಂದರೆ 70 ಶೇಕಡಾ. ಗಡಿ 75 ಇದ್ದರೆ ಬಿದ್ದಿತು. 70 ಇದ್ದರೆ ಗೆದ್ದಿತು. ಆದರೆ ಮೂವರು 1-3 ಕೊಟ್ಟಿದ್ದಾರೆ, ಸರಿಯಾಗಿ 15 ಶೇಕಡಾ. ‘15ಕ್ಕಿಂತ ಕಡಿಮೆ’ ಎಂಬ ಷರತ್ತು ಇದ್ದರೆ ಮತ್ತೆ ಬಿದ್ದಿತು. ಎರಡನೇ ಸುತ್ತಿನಲ್ಲಿ ಬೇಸರ ಬಂದು ಆ ಮೂವರೂ ಫಾರ್ಮ್ ತುಂಬಲಿಲ್ಲ. ಒಬ್ಬರೂ ಮನಸ್ಸು ಬದಲಿಸಿಲ್ಲ, ಆದರೂ 17ರಲ್ಲಿ 14, ಅಂದರೆ 82 ಶೇಕಡಾ! ಒಪ್ಪದವರು ಎದ್ದು ಹೋದರೆ ಒಮ್ಮತ ತಾನಾಗಿಯೇ ಬರುತ್ತದೆ. ಆನ್‌ಲೈನಿನಲ್ಲಿ ಎದ್ದು ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಪಾಯ ಇರುವುದು ಅಲ್ಲೇ. ಆದ್ದರಿಂದ ಗಡಿಯನ್ನು, ಸುತ್ತುಗಳ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಿಟ್ಟುಹೋದವರ ಮೊದಲ ಸುತ್ತಿನ ಅಂಕ ಉಳಿದವರದಕ್ಕಿಂತ ಬೇರೆ ಇತ್ತೇ ಎಂದು ನೋಡಿ, ಇದ್ದರೆ ವರದಿಯಲ್ಲಿ ಹೇಳಿ. ಅರ್ಧಕ್ಕೆ ನಿಂತವರಿಗೆ ಫೋನು ಮಾಡಿ. ಇಮೇಲ್ ನೆಚ್ಚಿಕೊಂಡು ಕೂತರೆ ಕೆಲಸ ಕೆಟ್ಟಿತು.

ಸರಾಸರಿ ತೋರಿಸುವಾಗಲೂ ಒಂದು ಸೂಕ್ಷ್ಮ ಇದೆ. ರೋಗಿಗಳ ಕಡೆಯವರು, ಆಶಾ, ವೈದ್ಯರು ಎಲ್ಲರನ್ನೂ ಒಟ್ಟು ಮಾಡಿ ಒಂದೇ ಅಂಕಿ ತೋರಿಸಿದರೆ ಸಂಖ್ಯೆಯಲ್ಲಿ ಹೆಚ್ಚಿರುವವರ ಅಭಿಪ್ರಾಯವೇ ಗುಂಪಿನದಾಗುತ್ತದೆ. ಬೇರೆ ಬೇರೆಯಾಗಿ ತೋರಿಸಿ. ‘ಮನೆಗೆ ಹೋಗುವವರು ಇಷ್ಟು ಕಡಿಮೆ ಕೊಟ್ಟಿದ್ದಾರಲ್ಲ, ಯಾಕೆ?’ ಎಂದು ವೈದ್ಯರು ಒಂದು ಕ್ಷಣ ನಿಂತರೆ ಸುತ್ತು ಸಾರ್ಥಕ.

ಡೆಲ್ಫಿಯ ಕೊರತೆ ಏನೆಂದರೆ, ಅಂಕ ಉಳಿಯುತ್ತದೆ, ವಾದ ಸೋರಿಹೋಗುತ್ತದೆ. ಮೊಬೈಲಿನಲ್ಲಿ ಕನ್ನಡ ಟೈಪು ಮಾಡಿ ಕಾರಣ ಬರೆಯುವವರು ಕಡಿಮೆ. ಧ್ವನಿ ಸಂದೇಶ ಕಳಿಸಿ ಅಂದರೆ ಎರಡು ನಿಮಿಷ ನಿರರ್ಗಳ ಮಾತಾಡುತ್ತಾರೆ. ಬರಹಕ್ಕಿಳಿಸುವ ಕೆಲಸ ನಿಮ್ಮದು, ಇಳಿಸುವಾಗ ಯಾರ ಮಾತೆಂದು ಗುರುತು ಸಿಗುವ ನುಡಿಗಟ್ಟು ತೆಗೆಯುವುದೂ ನಿಮ್ಮದೇ. ಭಟ್ಕಳದ ಮಾತಿನ ಧಾಟಿ, ಅಂಕೋಲೆಯ ಧಾಟಿ ಒಂದು ಸಾಲಿನಲ್ಲೇ ಗೊತ್ತಾಗುತ್ತದೆ.

ಇದರದ್ದೇ ಇನ್ನೊಂದು ರೂಪ ಸುತ್ತಿಲ್ಲದ ಡೆಲ್ಫಿ, 2006ರಲ್ಲಿ ಗಾರ್ಡನ್ ಮತ್ತು ಪೀಸ್ ಎಂಬವರು ಮುಂದಿಟ್ಟದ್ದು. ಅಂಕ ಕೊಟ್ಟ ಕೂಡಲೇ ಗುಂಪಿನ ಸದ್ಯದ ಚಿತ್ರ ಪರದೆಯಲ್ಲಿ ಕಾಣುತ್ತದೆ, ಬೇಕಾದಾಗ ಬಂದು ಬದಲಿಸಬಹುದು. ತಿಂಗಳುಗಳ ಕೆಲಸ ವಾರಗಳಲ್ಲಿ ಮುಗಿಯುತ್ತದೆ. ಆದರೆ ಜನ ಮತ್ತೆ ಮತ್ತೆ ಬಂದು ನೋಡಿದರೆ ಮಾತ್ರ. ಒಂದೇ ಸಲ ಬಂದು ಹೋಗುವವರಿದ್ದರೆ ಮೊದಲು ಬಂದ ನಾಲ್ವರ ಅಭಿಪ್ರಾಯವೇ ಆಮೇಲೆ ಬಂದವರಿಗೆ ದಾರಿ ತೋರಿಸಿಬಿಡುತ್ತದೆ. ಘಟ್ಟದ ಮೇಲಿನ ನೆಟ್‌ವರ್ಕ್ ನಂಬಿ ಇದನ್ನು ಮಾಡಲು ನಾನಂತೂ ಹೇಳುವುದಿಲ್ಲ.

ಎನ್‌ಜಿಟಿ: ಒಬ್ಬರಾದ ಮೇಲೆ ಒಬ್ಬರು

ನಾಮಿನಲ್ ಗ್ರೂಪ್ ಟೆಕ್ನಿಕ್, ಹೆಸರು ಬಾಯಿಗೆ ದೊಡ್ಡದಾದ್ದರಿಂದ ಎನ್‌ಜಿಟಿ. ಆಂದ್ರೆ ಡೆಲ್ಬೆಕ್ ಮತ್ತು ಆಂಡ್ರ್ಯೂ ವ್ಯಾನ್ ಡಿ ವೆನ್ 1971ರಲ್ಲಿ ವಿವರಿಸಿದ ಕ್ರಮ. ಸಣ್ಣ ಗುಂಪು, ಐದರಿಂದ ಒಂಬತ್ತು ಜನ ಹಿತ. ಮೊದಲು ಎಲ್ಲರೂ ಮೌನವಾಗಿ ತಮ್ಮ ತಮ್ಮ ವಿಚಾರ ಬರೆಯುವುದು. ಆಮೇಲೆ ಸರದಿಯಂತೆ ಒಬ್ಬರಿಂದ ಒಂದೇ ವಿಚಾರ, ಚರ್ಚೆ ಇಲ್ಲದೆ ಪಟ್ಟಿಗೆ. ಎಲ್ಲರ ಬುಟ್ಟಿ ಖಾಲಿಯಾಗುವವರೆಗೆ ಸರದಿ ತಿರುಗುತ್ತದೆ. ನಂತರ ಅರ್ಥ ಬಿಡಿಸುವ ಚರ್ಚೆ. ಕೊನೆಗೆ ಪ್ರತಿಯೊಬ್ಬರೂ ಗುಟ್ಟಾಗಿ ಐದು ಆರಿಸಿ 5, 4, 3, 2, 1 ಎಂದು ಅಂಕ ಹಾಕುವುದು. ಎರಡು ಗಂಟೆ ಹಿಡಿಯುತ್ತದೆ, ಆ ದಿನವೇ ಫಲಿತಾಂಶ ಕೈಯಲ್ಲಿ.

ತಾಳಮದ್ದಳೆ ಕೇಳುವವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಒಬ್ಬ ಗಟ್ಟಿ ಅರ್ಥಧಾರಿ ಕೂತನೆಂದರೆ ಎದುರಿನವನ ಪೀಠಿಕೆಯೇ ಮುಗಿಯುವುದಿಲ್ಲ, ಭಾಗವತರು ಮುಂದಿನ ಪದ ಎತ್ತಿದರಷ್ಟೇ ಪ್ರಸಂಗ ಸಾಗುವುದು. ಎನ್‌ಜಿಟಿಯಲ್ಲಿ ಸಂಯೋಜಕರು ಭಾಗವತರು. ಪಾತ್ರ ಮಾಡುವ ಹಾಗಿಲ್ಲ, ತಾಳ ಬಿಡುವ ಹಾಗೂ ಇಲ್ಲ. ‘ಸರ್, ನಿಮ್ಮದು ಒಂದು ಆಯಿತು, ಎರಡನೆಯದು ಮುಂದಿನ ಸರದಿಗೆ’ ಎಂದು ನಗುತ್ತ ಹೇಳಲು ಎದೆಗಾರಿಕೆ ಬೇಕು. ನನಗೆ ಅದು ಮೂರನೇ ಸಭೆಗೆ ಬಂತು.

ವಿಡಿಯೊದಲ್ಲಿ ಇದನ್ನು ನಡೆಸುವಾಗ ಸಣ್ಣಪುಟ್ಟ ವಿಷಯಗಳೇ ಕಾಲಿಗೆ ತೊಡರುತ್ತವೆ. ಹತ್ತು ನಿಮಿಷದ ಮೌನವನ್ನು ಜನ ಲೈನು ಕಟ್ಟಾಯಿತು ಎಂದುಕೊಂಡು ‘ಹಲೋ, ಹಲೋ’ ಅನ್ನುತ್ತಾರೆ. ಅದಕ್ಕೆ ಪರದೆಯ ಮೇಲೆ ‘ಬರೆಯುವ ಸಮಯ, 4:20ರವರೆಗೆ’ ಎಂದು ದೊಡ್ಡದಾಗಿ ಹಾಕಿಡಿ. ಸರದಿ ಪರದೆಯಲ್ಲಿ ಕಾಣುವ ಕ್ರಮದಲ್ಲಿ ಹೋಗುವುದಿಲ್ಲ, ಒಬ್ಬೊಬ್ಬರ ಮೊಬೈಲಿನಲ್ಲಿ ಒಂದೊಂದು ಕ್ರಮ. ಮೊದಲೇ ನಂಬರು ಕೊಟ್ಟುಬಿಡಿ, ಹೆಸರಿನ ಮುಂದೆ ಅದೇ ನಂಬರು ಇರಲಿ. ಕಿರಿಯರಿಂದ ಸರದಿ ಶುರು ಮಾಡಿ. ಝೂಮಿನ ಉಚಿತ ಖಾತೆ 40 ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ, ಗೂಗಲ್ ಮೀಟಿನದ್ದು ಗುಂಪಿಗೆ ಒಂದು ಗಂಟೆ. ಮತ ಹಾಕುವ ಹೊತ್ತಿಗೆ ಮುಚ್ಚಿಕೊಂಡು ಅರ್ಧ ಜನ ವಾಪಸ್ ಬಾರದಿದ್ದ ಅನುಭವ ನನಗಿದೆ. ದುಡ್ಡು ಕೊಟ್ಟ ಖಾತೆ ಬಳಸಿ, ಇಲ್ಲವೇ ಸಭೆಯನ್ನು ಎರಡು ದಿನಕ್ಕೆ ಒಡೆಯಿರಿ.

ಇಬ್ಬರು ಒಂದೇ ಮೊಬೈಲಿನ ಮುಂದೆ ಕೂತರೆ? ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದು ಮಾಮೂಲು. ಮತ ಎರಡೂ ಲೆಕ್ಕಕ್ಕೆ ಬರಬೇಕು, ಆದರೆ ಪಕ್ಕದಲ್ಲೇ ಮೇಲಧಿಕಾರಿ ಕೂತಿದ್ದರೆ ಅದು ಗುಟ್ಟಿನ ಮತ ಹೇಗಾಗುತ್ತದೆ? ನಾವು ಸಭೆ ಮುಗಿದ ಮೇಲೆ ಒಬ್ಬೊಬ್ಬರಿಗೂ ಬೇರೆಯಾಗಿ ಫೋನು ಮಾಡಿ ಮತ ಬರೆದುಕೊಳ್ಳುತ್ತೇವೆ. ಟೈಪು ಮಾಡಲೂ ಬೇರೆಯವರೇ ಬೇಕು. ನಡೆಸುವವರೇ ಟೈಪು ಮಾಡಿದರೆ ಎರಡೂ ಕೆಡುತ್ತದೆ. ಹೇಳಿದವರ ಮಾತನ್ನು ಹೇಳಿದ ಹಾಗೇ ಹಾಕಿ, ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲೇ ಹಾಕಿ ಕೆಳಗೆ ಕನ್ನಡ ಬರೆಯಿರಿ. ‘ಸಮುದಾಯ ಜಾಗೃತಿ ಕೊರತೆ’ ಎಂದು ಸರ್ಕಾರಿ ಕನ್ನಡಕ್ಕೆ ತಿರುಗಿಸಿದ ಕ್ಷಣ ಅಜ್ಜಿಯ ಕೈಗೆ ಕೊಟ್ಟ ಎಣ್ಣೆ ಬಾಟಲಿ ಮಾಯ.

ರೋಗಿಗಳು, ಆರೈಕೆದಾರರು, ವೈದ್ಯರು ಸಮಸಮ ಕೂತು ಸಂಶೋಧನೆಯ ಆದ್ಯತೆ ಗೊತ್ತುಮಾಡಬೇಕು ಎಂಬ ಕಡೆ ಎನ್‌ಜಿಟಿಗೆ ಸರಿಸಾಟಿ ಇಲ್ಲ. ಬ್ರಿಟನ್ನಿನ ಜೇಮ್ಸ್ ಲಿಂಡ್ ಅಲಯನ್ಸ್ 2004ರಿಂದ ಮಾಡಿಕೊಂಡು ಬಂದಿರುವುದು ಇಂಥದ್ದೇ. ಮೊದಲು ಸಮೀಕ್ಷೆಯಿಂದ ಪ್ರಶ್ನೆಗಳ ರಾಶಿ, ಅದನ್ನು ಜಾಲಿಸಿ, ಕೊನೆಗೆ ಸಣ್ಣ ಸಣ್ಣ ಗುಂಪುಗಳಲ್ಲಿ ಕೂತು ಮೊದಲ ಹತ್ತನ್ನು ಆರಿಸುವುದು. ಕೋವಿಡ್ ಬಂದಾಗ ಈ ಕೊನೆಯ ಸಭೆಗಳೂ ಆನ್‌ಲೈನಿಗೆ ಬಂದವು.

ಆದರೂ ನೆನಪಿರಲಿ, ಇಲ್ಲಿ ಮತ ಗುಟ್ಟು, ವಿಚಾರ ಗುಟ್ಟಲ್ಲ. ಯಾರು ಏನು ಹೇಳಿದರು ಎಂದು ಎಲ್ಲರಿಗೂ ಕೇಳಿಸುತ್ತದೆ. ಮೇಲಧಿಕಾರಿ ಮತ್ತು ಕೈಕೆಳಗಿನವರು ಒಂದೇ ಗುಂಪಿನಲ್ಲಿ ಬೇಡ. ವಿಚಾರಗಳನ್ನು ಹಿಂದಿನ ದಿನವೇ ಫೋನಿನಲ್ಲಿ ಸಂಗ್ರಹಿಸಿ, ಸಭೆಯಲ್ಲಿ ಹೆಸರಿಲ್ಲದೆ ಓದಿದರೆ ಅರ್ಧ ಪರಿಹಾರ ಸಿಗುತ್ತದೆ.

ರ‍್ಯಾಂಡ್ ವಿಧಾನ: ಯಾವ ರೋಗಿಗೆ ಯಾವುದು ತಕ್ಕದ್ದು

1980ರ ದಶಕದಲ್ಲಿ ರ‍್ಯಾಂಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯವರು ಸೇರಿ ರೂಪಿಸಿದ್ದು. ‘ಯಾವುದು ಮುಖ್ಯ?’ ಎಂಬ ಪ್ರಶ್ನೆಗೆ ಇದಲ್ಲ. ‘ಇಂಥ ಲಕ್ಷಣದ ರೋಗಿಗೆ ಈ ಕ್ರಮ ತಕ್ಕದ್ದೇ?’ ಎಂಬುದಕ್ಕೆ. ಮೊದಲು ಇರುವ ಪುರಾವೆಗಳನ್ನೆಲ್ಲ ಒಟ್ಟುಮಾಡಿ ಸಾರಾಂಶ ತಯಾರಿಸಬೇಕು. ಆಮೇಲೆ ಸನ್ನಿವೇಶಗಳ ಪಟ್ಟಿ. ಸಾಮಾನ್ಯವಾಗಿ ಒಂಬತ್ತು ಜನ ತಜ್ಞರು ಮನೆಯಲ್ಲಿ ಕೂತು 1ರಿಂದ 9ರವರೆಗೆ ಅಂಕ ಹಾಕುತ್ತಾರೆ, ನಂತರ ಸೇರಿ ಚರ್ಚಿಸಿ ಮತ್ತೆ ಗುಟ್ಟಾಗಿ ಅಂಕ ಹಾಕುತ್ತಾರೆ. ಮಧ್ಯಾಂಕ 7-9ರಲ್ಲಿದ್ದು ಒಡಕಿಲ್ಲದಿದ್ದರೆ ‘ತಕ್ಕದ್ದು’. ಒಂಬತ್ತರಲ್ಲಿ ಕನಿಷ್ಠ ಮೂವರು 1-3ರಲ್ಲೂ ಕನಿಷ್ಠ ಮೂವರು 7-9ರಲ್ಲೂ ಇದ್ದರೆ ಅದು ಒಡಕು. ಈ ವಿಧಾನದ ದೊಡ್ಡತನ ಇದು: ಎಲ್ಲರನ್ನೂ ಒಪ್ಪಿಸಲೇಬೇಕೆಂಬ ಹಟ ಇಲ್ಲ, ಒಡಕನ್ನೂ ಒಂದು ಫಲಿತಾಂಶ ಎಂದು ಬರೆಯುತ್ತದೆ.

ನಮ್ಮ ಜಿಲ್ಲೆಗೆ ಇಂಥ ಪ್ರಶ್ನೆ ಬೇಕಾದಷ್ಟಿವೆ. ಹಾವು ಕಚ್ಚಿದವರನ್ನು ತಾಲೂಕು ಆಸ್ಪತ್ರೆಯಿಂದ ಯಾವಾಗ ಮುಂದೆ ಕಳಿಸಬೇಕು? ಉಸಿರಾಟದ ತೊಂದರೆ ಇದೆ ಅಥವಾ ಇಲ್ಲ. ಗಾಜಿನ ನಳಿಗೆಯಲ್ಲಿ ಇಟ್ಟ ರಕ್ತ 20 ನಿಮಿಷಕ್ಕೆ ಹೆಪ್ಪುಗಟ್ಟಿತು ಅಥವಾ ಇಲ್ಲ. ಮಗು ಅಥವಾ ದೊಡ್ಡವರು. ಕಚ್ಚಿ ಆದ ಹೊತ್ತು ಮೂರು ಬಗೆ. ಎರಡು, ಎರಡು, ಎರಡು, ಮೂರು ಗುಣಿಸಿದರೆ 24 ಸನ್ನಿವೇಶ. ಇನ್ನೊಂದು ಅಂಶ ಸೇರಿಸಿದರೆ 48. ಮೊಬೈಲಿನಲ್ಲಿ 48 ಸನ್ನಿವೇಶಕ್ಕೆ ಅಂಕ ಹಾಕುವ ವೈದ್ಯರು ಮೂವತ್ತನೆಯದಕ್ಕೆ ಬರುವಾಗ ಓದದೆ ಒತ್ತುತ್ತಿರುತ್ತಾರೆ. ಈ ವಿಧಾನಕ್ಕೆ ಕಂಪ್ಯೂಟರು, ಎರಡು ಕಂತು, ನಡುವೆ ಚಹಾ ಬೇಕು.

ಗಮನಿಸಬೇಕಾದ ಇನ್ನೊಂದು: ಇಲ್ಲಿ ‘ತಕ್ಕದ್ದು’ ಅಂದರೆ ಹಾನಿಗಿಂತ ಲಾಭ ಸಾಕಷ್ಟು ಹೆಚ್ಚು ಎಂದಷ್ಟೇ ಅರ್ಥ, ಖರ್ಚನ್ನು ಬದಿಗಿಟ್ಟು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರು, ಕಾರವಾರದವರಿಗೆ ಒಂದೋ ಗೋವಾ ಇಲ್ಲವೇ ಮಂಗಳೂರು. ಗಾಡಿ ಬಾಡಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂದರೆ ಇಲ್ಲಿಯ ವೈದ್ಯರಿಗೆ ಅದು ಆಗದ ಮಾತು, ಅವರು ದಿನಾ ಅದನ್ನೇ ನೋಡುವವರು. ಆದ್ದರಿಂದ ಅಂಕ ಹಾಕುವ ಮೊದಲು ಈ ವ್ಯಾಖ್ಯೆಯನ್ನು ಬಾಯಿಬಿಟ್ಟು ವಿವರಿಸಿ, ದಾರಿಯ ಅಪಾಯವನ್ನು ‘ಹಾನಿ’ಯಲ್ಲಿ ಸೇರಿಸಬೇಕೇ ಎಂದು ಮೊದಲೇ ನಿರ್ಧರಿಸಿ. ಮಳೆಗಾಲದ ದೇವಿಮನೆ ಘಟ್ಟ ಹಾನಿಯಲ್ಲದೆ ಇನ್ನೇನು?

ಇನ್ನು ಒಮ್ಮತ ಸಮ್ಮೇಳನ ಎಂಬುದೊಂದಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 1977ರಲ್ಲಿ ಶುರು ಮಾಡಿ 2013ರಲ್ಲಿ ಕೈಬಿಟ್ಟವು. ತಜ್ಞರು ಸಾರ್ವಜನಿಕವಾಗಿ ವಾದ ಮಂಡಿಸಿ, ಮಂಡಳಿಯೊಂದು ಹೇಳಿಕೆ ಬರೆಯುವ ಪದ್ಧತಿ. ಖರ್ಚು ದೊಡ್ಡದು, ನಮ್ಮ ಅಳತೆಯ ಕೆಲಸಕ್ಕಲ್ಲ.

ಸಾಧನಗಳು, ಗುಟ್ಟು, ಹಂಗಾಮು

ವಾಟ್ಸಾಪ್ ಗುಂಪಿನಲ್ಲಿ ಪೋಲ್ ಹಾಕಿ ‘ಡೆಲ್ಫಿ ಮಾಡಿದೆವು’ ಎಂದು ಹೇಳುವುದನ್ನು ಕೇಳಿದ್ದೇನೆ. ಅಲ್ಲಿ ಯಾರು ಯಾವುದಕ್ಕೆ ಒತ್ತಿದರು ಎಂದು ಎಲ್ಲರಿಗೂ ಕಾಣುತ್ತದೆ. ಗುಂಪಿನಲ್ಲಿ ಸೇರಿಸಿದ ಮಾತ್ರಕ್ಕೇ ಪರಸ್ಪರ ನಂಬರು ಬಯಲು. ನೆನಪಿಸಲು ವಾಟ್ಸಾಪ್ ಬಳಸಿ, ಒಬ್ಬೊಬ್ಬರಿಗೇ ಕಳಿಸಿ. ಗೂಗಲ್ ಫಾರ್ಮ್ ಮೊದಲ ಸುತ್ತಿಗೆ ಸಾಕು. ಎರಡನೇ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಅವರದೇ ಹಳೆಯ ಅಂಕ ತೋರಿಸಬೇಕಾದಾಗ ಕೈಯಿಂದ ಬೇರೆ ಬೇರೆ ಹಾಳೆ ಮಾಡಬೇಕಾಗುತ್ತದೆ. ಹದಿನೈದು ಜನರಿಗೆ ಮಾಡಬಹುದು, ಅರವತ್ತು ಜನರಿಗೆ ಹುಚ್ಚು ಹಿಡಿಯುತ್ತದೆ. ನಿಮ್ಮ ಕಾಲೇಜಿನಲ್ಲಿ ಸಮೀಕ್ಷೆ ನಡೆಸುವ ತಂತ್ರಾಂಶ ರೆಡ್‌ಕ್ಯಾಪ್ ಇದ್ದರೆ ಅದೃಷ್ಟ. ಅಂಥದ್ದೇ ಇನ್ನೊಂದಾದ ಲೈಮ್‌ಸರ್ವೇಯಲ್ಲಿ ಕನ್ನಡ ಅಕ್ಷರ ತೊಂದರೆ ಕೊಡುವುದಿಲ್ಲ. ಡೆಲ್ಫಿಗೆಂದೇ ಮಾಡಿದ್ದು ಬೇಕೆಂದರೆ ಲಿವರ್‌ಪೂಲ್ ವಿಶ್ವವಿದ್ಯಾಲಯದ ಕೋಮೆಟ್ ಬಳಗದ ಡೆಲ್ಫಿಮ್ಯಾನೇಜರ್ ಇದೆ, ಅದಕ್ಕೆ ಶುಲ್ಕ ಉಂಟು.

ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಶುರು ಮಾಡಬೇಡಿ. ‘ಬರೀ ಅಭಿಪ್ರಾಯ ಕೇಳುವುದಲ್ಲವೇ’ ಎಂಬ ವಾದ ನಡೆಯುವುದಿಲ್ಲ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯನ್ನು ಒಮ್ಮೆ ಓದಿ. ವಿಡಿಯೊ ದಾಖಲಿಸಿಕೊಳ್ಳುವುದಾದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ. ಆಶಾ ಕಾರ್ಯಕರ್ತೆಯರ ಎರಡು ಗಂಟೆಗೆ ಮತ್ತು ಡೇಟಾಕ್ಕೆ ದುಡ್ಡು ಕೊಡುವುದು ಬಜೆಟ್ಟಿನಲ್ಲಿರಲಿ. ವೈದ್ಯರಿಗೆ ಗೌರವಧನ, ಆಶಾದವರಿಗೆ ಧನ್ಯವಾದ ಪತ್ರ ಎಂಬ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ವರದಿ ಬರೆಯುವಾಗ ‘ಪರಿಷ್ಕೃತ ಡೆಲ್ಫಿ’ ಎಂದು ಹೇಳಿ ಕೈ ತೊಳೆದುಕೊಳ್ಳುವವರು ಬಹಳ. ಏನು ಪರಿಷ್ಕರಿಸಿದಿರಿ? ಒಮ್ಮತದ ಅಧ್ಯಯನವನ್ನು ಹೇಗೆ ವರದಿ ಮಾಡಬೇಕೆಂದು ಹೇಳುವ, 2024ರಲ್ಲಿ ಬಂದ ಅಕಾರ್ಡ್ ಮಾರ್ಗಸೂಚಿಯಲ್ಲಿ 35 ಅಂಶಗಳಿವೆ. ಅದನ್ನು ಬರೆಯುವಾಗ ಅಲ್ಲ, ಯೋಜನೆ ಹಾಕುವಾಗಲೇ ಎದುರಿಗಿಟ್ಟುಕೊಳ್ಳಿ.

ಕಾಲ ನೋಡಿಯೂ ವಿಧಾನ ಆರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಡೆಲ್ಫಿಯ ಫಾರ್ಮು ಕಾಯುತ್ತದೆ, ಎನ್‌ಜಿಟಿಯ ವಿಡಿಯೊ ಕಾಯುವುದಿಲ್ಲ. ಡಿಸೆಂಬರ್ ಬಂತೆಂದರೆ ಅಡಿಕೆ ಕೊಯ್ಲು, ಜೊತೆಗೆ ಮಂಗನ ಕಾಯಿಲೆಯ ಹಂಗಾಮು. ಆರೋಗ್ಯ ಇಲಾಖೆಯವರ ಬಳಿ ‘ಮೂರನೇ ಸುತ್ತು’ ಅಂದರೆ ಬೈಸಿಕೊಳ್ಳುತ್ತೀರಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯ ವಾರದಲ್ಲಿ ಶಿರಸಿಯವರಿಗೆ ಲಿಂಕ್ ಕಳಿಸಿದವರನ್ನು ದೇವಿಯೇ ಕಾಪಾಡಬೇಕು.

ಹಾಗಾದರೆ ಯಾವುದು?

ಜನ ಹದಿನೈದಕ್ಕಿಂತ ಹೆಚ್ಚು, ಊರು ಊರಿಗೆ ಹಂಚಿದ್ದಾರೆ, ನಡುವೆ ಮೇಲಧಿಕಾರಿ–ಕೆಳಗಿನವರು ಎಂಬುದಿದೆ, ಅಂಶಗಳ ಪಟ್ಟಿ ಹೆಚ್ಚುಕಡಿಮೆ ತಯಾರಿದೆ: ಡೆಲ್ಫಿ, ಎರಡೇ ಸುತ್ತು. ಪಟ್ಟಿಯೇ ಇಲ್ಲ, ಜನ ಎಂಟು, ಎಲ್ಲರೂ ಸಮಾನರು, ಉದಾಹರಣೆಗೆ ಪಾರ್ಶ್ವವಾಯು ಆದವರನ್ನು ಮನೆಯಲ್ಲಿ ನೋಡಿಕೊಳ್ಳುವ ಕುಟುಂಬದವರು: ಎನ್‌ಜಿಟಿ, ಕನ್ನಡ ಟೈಪು ಬರುವ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು. ಪ್ರಶ್ನೆ ಚಿಕಿತ್ಸೆಯದ್ದು, ಪುರಾವೆಯ ಸಾರಾಂಶ ಬರೆಯಲು ಕೈ ಇದೆ, ಒಂಬತ್ತು ವೈದ್ಯರು ಎರಡು ಸಲ ಸಮಯ ಕೊಡುತ್ತಾರೆ: ರ‍್ಯಾಂಡ್. ಈ ಮೂರನೆಯದರಲ್ಲಿ ಒಂದು ಇಲ್ಲದಿದ್ದರೂ ಅದಕ್ಕೆ ಕೈ ಹಾಕಬೇಡಿ. ಎಲ್ಲ ಬೆರಕೆಯಾಗಿದ್ದರೆ ನನ್ನ ಒಲವು ಜೋಡಣೆಯ ಕಡೆಗೆ: ಆಶಾದವರೊಂದಿಗೆ, ರೋಗಿಗಳ ಮನೆಯವರೊಂದಿಗೆ ಬೇರೆ ಬೇರೆ ಎನ್‌ಜಿಟಿ ನಡೆಸಿ ಅಂಶಗಳನ್ನು ಅವರಿಂದ ಪಡೆಯುವುದು, ಅಂಕ ಹಾಕಲು ಎಲ್ಲರನ್ನೂ ಸೇರಿಸಿ ಡೆಲ್ಫಿ.

ಮಂಗನ ಕಾಯಿಲೆಯ ಪಟ್ಟಿಯನ್ನು ಕೊನೆಗೆ ಹಾಗೆಯೇ ಮಾಡಿದೆವು. ಆಶಾದವರ ಗುಂಪಿನಲ್ಲಿ ಆ ಮಾತು ಮತ್ತೆ ಬಂತು, ಈ ಸಲ ಎರಡನೇ ಸರದಿಯಲ್ಲೇ. ‘ದರಕಿಗೆ ಹೋಗುವವರು ಮನೆ ಬಿಡುವ ಮೊದಲು ಎಣ್ಣೆ ಅವರ ಕೈಗೆ ಸಿಗಬೇಕು’ ಎಂದು ಅದು ಡೆಲ್ಫಿಗೆ ಹೋಯಿತು. ಯಾರೋ ಒಬ್ಬರು 3 ಕೊಟ್ಟು ಕೆಳಗೆ ಬರೆದರು: ‘ಬೆಳಿಗ್ಗೆ ಐದು ಗಂಟೆಗೆ ಯಾರು ಹೋಗಿ ಹಂಚುತ್ತಾರೆ?’ ಮುಂದಿನ ಸುತ್ತಿನಲ್ಲಿ ಅದಕ್ಕೆ ಇನ್ನೊಬ್ಬರ ಉತ್ತರ: ‘ಹಿಂದಿನ ದಿನ ಸಂಜೆ ಹಾಲಿನ ಡೇರಿಗೆ ಎಲ್ಲರೂ ಬರ್ತಾರಲ್ಲ, ಅಲ್ಲೇ ಕೊಡಿ.’ ಆ 3 ಅಂಕ 8 ಆಯಿತು. ಎರಡೂ ಬರೆದವರು ಯಾರೆಂದು ನನಗೆ ಗೊತ್ತು, ಹೇಳುವ ಹಾಗಿಲ್ಲ.